ಜಂತಿಗೆ ಕಟ್ಟಿದ ಕುಡುಗೋಲು

"ಮೇಡಂ, ಒಂದು ಸಂಶಯ," ಎಂದ ಶಿಷ್ಯ. "ನಮ್ಮ ಒಂದೊಂದು ಜೀವಕೋಶದೊಳಗೂ ಕ್ಯಾಸ್ಪೇಸ್ ಎಂಬ ಕಿಣ್ವ ಇದೆ. ಎಚ್ಚರವಾಯಿತೋ, ತಾನಿರುವ ಕೋಶವನ್ನೇ ತುಂಡರಿಸಿ ಕೊಲ್ಲುತ್ತದೆ. ಇಂಥ ಮನೆಮುರುಕನನ್ನು ಒಳಗಿಟ್ಟುಕೊಳ್ಳುವುದೇಕೆ? ಕಿತ್ತೆಸೆಯುವ ಮದ್ದು ಕಂಡುಹಿಡಿದರಾಗದೇ?"

ನೀಲಾಂಬಿಕೆ ಮೇಡಂ ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದರು. "ಭಲೆ! ನಿನ್ನಷ್ಟೇ ಬುದ್ಧಿವಂತ ಮೀನುಗಾರನೊಬ್ಬ ಹಿಂದೆಯೂ ಇದ್ದ, ಕೇಳು," ಎಂದು ಶುರುಮಾಡಿದರು.

ಕಡಲ ತಡಿಯಲ್ಲಿ ಒಂದಕ್ಕೊಂದು ಒತ್ತಿಕೊಂಡ ನಲವತ್ತು ಗರಿಯ ಗುಡಿಸಲು. ಒಂದೊಂದರ ಜಂತಿಗೂ ಒಂದು ಕುಡುಗೋಲು, ಅಲಗಿಗೆ ದಾರ ಸುತ್ತಿ ಕಟ್ಟಿಟ್ಟದ್ದು. ಮನೆಯವನು ಆ ದಾರವನ್ನು ತಾನಾಗಿ ಬಿಚ್ಚುವಂತಿಲ್ಲ. ಊರ ಹಿರಿಯನ ಸೊಂಟದಲ್ಲಿ ಬೆರಳುದ್ದದ ಚೂರಿ ಇರುತ್ತಿತ್ತು. ಅದು ದಾರ ಕೊಯ್ದರೇ ಕುಡುಗೋಲು ಬಿಡುಗಡೆ. ಗುಡಿಸಲಿಗೆ ಬೆಂಕಿ ಬಿದ್ದರೆ ಮನೆಯವನೇ ಕುಡುಗೋಲು ಹಿಡಿದು, ಬಿದಿರು ಬಿಗಿಯಲು ತಾನು ಕಟ್ಟಿದ ಗಂಟುಗಳನ್ನು ತಾನೇ ಕೊಯ್ಯಬೇಕು. ಗುಡಿಸಲು ಒಳಮುಖವಾಗಿ ಕುಸಿಯುತ್ತದೆ, ಮೇಲೆ ಮರಳು ಸುರಿಯುತ್ತಾರೆ; ಬೆಂಕಿ ಪಕ್ಕದ ಸೂರಿಗೆ ಹಾರದು. ಉಳಿದ ಬಿದಿರು ನೆರೆಯವರಿಗೆ. ಕೂಸು ಹುಟ್ಟಿದ ಮನೆಯಲ್ಲಿ ಹಿರಿಯ ದಾರದ ಒಂದೇ ಸುತ್ತು ಕೊಯ್ಯುತ್ತಿದ್ದ; ಅಲಗಿನ ತುದಿಯಷ್ಟೇ ಹೊರಬರುತ್ತಿತ್ತು. ಅದರಿಂದ ಕೂಸಿಗೆಂದು ತಡಿಕೆ ಗೋಡೆಯಲ್ಲಿ ಗಾಳಿಕಿಂಡಿ ತೆರೆಯುತ್ತಿದ್ದರು. ಮನೆಗೇನೂ ಆಗುತ್ತಿರಲಿಲ್ಲ.

ಈ ಮೀನುಗಾರನದು ಹೊಸ ಗುಡಿಸಲು. ಮಲಗಿದರೆ ಕಣ್ಣು ಜಂತಿಯ ಮೇಲೆಯೇ. ನಾನೇ ಕಟ್ಟಿದ ಮನೆಗೆ ನನ್ನ ಕೈಯಲ್ಲೇ ಸಾವೇ ಎಂದು ಹೊರಳಾಡುತ್ತಿದ್ದ. ಒಂದು ದಿನ ಕುಡುಗೋಲನ್ನು ದಾರಸಮೇತ ಜಂತಿಯಿಂದ ಕಿತ್ತು, ದೋಣಿ ಹತ್ತಿ ನಡುಗಡಲಿಗೆ ಎಸೆದು ಬಂದ.

ಮಗಳು ಹುಟ್ಟಿದಳು. ಹಿರಿಯನನ್ನು ಕರೆಯಲು ಅವನಿಗೆ ಮುಖವಿರಲಿಲ್ಲ. ಗಾಳಿಕಿಂಡಿಯಿಲ್ಲದ ಮನೆಯಲ್ಲಿ ಒಲೆಯ ಹೊಗೆ ಕುಡಿದು ಕೂಸು ಕೆಮ್ಮಿ ಕೆಮ್ಮಿ ಬಳಲಿತು. ಹೆಂಡತಿ ಅತ್ತಳು. ಹೋಗಲಿ, ಮನೆ ನಿಂತಿದೆಯಲ್ಲ ಎಂದುಕೊಂಡ, ಪುಣ್ಯಾತ್ಮ.

ಬೇಸಿಗೆಯ ಒಂದು ಮಧ್ಯಾಹ್ನ ಒಲೆಯ ಕಿಡಿ ಹಾರಿ ಅವನ ಸೂರಿಗೇ ಹತ್ತಿತು. ಹೆಂಡತಿ ಕೂಸನ್ನೆತ್ತಿಕೊಂಡು ಹೊರಗೋಡಿದಳು. ಗಾಳಿ ಉಳಿದ ಗುಡಿಸಲುಗಳ ಕಡೆಗೇ ಬೀಸುತ್ತಿತ್ತು. ಹಿರಿಯ ಚೂರಿ ಹಿರಿದು ಓಡಿಬಂದ.

"ಎಲ್ಲೋ ಕುಡುಗೋಲು? ತಾರೋ ಬೇಗ!"

"ಇಲ್ಲ ಅಜ್ಜಾ... ಮನೆ ಉಳಿಯಲಿ ಅಂತ ಕಡಲಿಗೆ ಎಸೆದುಬಿಟ್ಟೆ."

"ಅಯ್ಯೋ ಪಾಪಿ!" ಹಿರಿಯ ಪಕ್ಕದ ಮನೆಗೆ ಓಡಿದ. ಅಲ್ಲಿನ ದಾರ ಕೊಯ್ದು ಕುಡುಗೋಲು ತರುವಷ್ಟರಲ್ಲಿ ಬೆಂಕಿ ಆ ಸೂರನ್ನೂ ಹಿಡಿದಿತ್ತು, ಅದರಾಚೆಯದನ್ನೂ. ಮೀನುಗಾರ ಬರಿಗೈಯಲ್ಲಿ ಗಂಟುಗಳನ್ನು ಎಳೆದ. ಅಂಗೈ ಸುಟ್ಟಿತೇ ಹೊರತು ಗಂಟು ಸಡಿಲಲಿಲ್ಲ. ಎಷ್ಟು ಆಸೆಯಿಂದ ಬಿಗಿದಿದ್ದನೋ! ಸಂಜೆಯ ಹೊತ್ತಿಗೆ ಆ ಕೂಸನ್ನು ಮಲಗಿಸಲು ಊರಿನಲ್ಲಿ ಒಂದು ಸೂರೂ ಇರಲಿಲ್ಲ.

ಶಿಷ್ಯ ಬಿಡಲಿಲ್ಲ. "ಕತೆಯ ಮೀನುಗಾರ ಎಸೆದ, ಸರಿ ಮೇಡಂ. ದೇಹದೊಳಗೆ ಯಾವ ಕೋಶ ಹಾಗೆ ಕುಡುಗೋಲು ಎಸೆಯುತ್ತದೆ?"

ಮೇಡಂ ಕೈ ಒರೆಸಿಕೊಂಡು, ಆಗಷ್ಟೇ ತೆಗೆದು ತಟ್ಟೆಯಲ್ಲಿಟ್ಟಿದ್ದ ಕ್ಯಾನ್ಸರ್ ಗಡ್ಡೆಯನ್ನು ತೋರಿಸಿದರು.

"ಇದು ಎಸೆದದ್ದಕ್ಕೇ ಕಣಪ್ಪಾ, ಇವತ್ತು ನಾನು ಹೊರಗಿನಿಂದ ಚಾಕು ಹಿಡಿದು ಹೋಗಬೇಕಾಯಿತು."