ಎಲ್ಲರೂ ಸರಿ ಅಂದ ಮೇಲೆ

ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ಹುಟ್ಟದ ಕಾಲ. ಒಂದೂರಲ್ಲಿ ಒಬ್ಬ ರಾಜ, ಒಬ್ಬಳು ರಾಣಿ ಇದ್ದರಂತೆ. ಅವರಿಗೆ ಆನೆ ಇತ್ತು, ಕುದುರೆ ಇತ್ತು, ಮಕ್ಕಳು ಮಾತ್ರ ಇರಲಿಲ್ಲವಂತೆ. ಅದೇ ಊರ ಅಂಚಿನಲ್ಲಿ ಬುಟ್ಟಿ ಹೆಣೆಯುವ ಯಮನಪ್ಪ, ಅವನ ಹೆಂಡತಿ ನಿಂಬೆವ್ವ. ಅವರಿಗೊಂದು ಗಂಡುಕೂಸು ಹುಟ್ಟಿತಂತೆ. ಅಪ್ಪನ ಹಾಗೆ ಎಡಗಿವಿಯ ತುದಿ ಮಡಿಚಿದ ಕೂಸು.

ರಾಜ ಊರನ್ನು ಕೂಡಿಸಿದನಂತೆ. "ಗಾದಿಗೆ ಮಗ ಬೇಕು. ಆ ಕೂಸನ್ನ ನಾ ತಗೊಂಡರ ಸರಿಯೋ, ತಪ್ಪೋ?"

"ಸರಿ ಮಹಾರಾಜ, ಸರಿ!" ಅಂತು ಊರು. ಹಾಲು ಕುಡಿಯುತ್ತಿದ್ದ ಕೂಸನ್ನು ಆಳುಗಳು ಎದೆಯಿಂದ ಬಿಡಿಸಿಕೊಂಡು ಹೋದರಂತೆ.

ಕೂಸು ಹೋಯಿತು, ಹಾಲು ನಿಲ್ಲಲಿಲ್ಲ. ನಿಂಬೆವ್ವನ ಸೆರಗು ಹೊತ್ತುಹೊತ್ತಿಗೆ ತೊಯ್ಯುತ್ತಿತ್ತಂತೆ. ಬಿದಿರು ಸೀಳುತ್ತಾ ಕೂತರೂ ಕಣ್ಣು ಅರಮನೆಯ ಕಡೆಗೇ. ಗೌಡನನ್ನು ಕೇಳಿದಳು, "ಇದು ಸರಿ ಏನ್ರೀ?" ಸರಿ ಅಂದ. ಮಠದ ಅಯ್ಯನವರನ್ನು ಕೇಳಿದಳು. ಸರಿ ಅಂದರು. ತನ್ನ ಹೆತ್ತ ತಾಯಿಯನ್ನೇ ಕೇಳಿದಳು. ಆಕೆ ತಲೆ ತಗ್ಗಿಸಿ, "ಸರಿನೇ ಇರಬೇಕವ್ವಾ, ಎಲ್ಲಾರೂ ಅಂತಾರಲ್ಲ" ಅಂದಳಂತೆ.

ವರ್ಷಗಳು ಉರುಳಿದವು. ಒಂದು ದಿನ ಹುಡುಗ ಕುದುರೆ ಮೇಲೆ ಅವಳ ಮುಂದೆಯೇ ಹಾದುಹೋದನಂತೆ. ಮಡಿಚಿದ ಕಿವಿ ಕಂಡಿತು. ಕರೆಯೋಣ ಅಂದರೆ ಅವನಿಗೆ ಅಲ್ಲಿ ಇಟ್ಟ ಹೆಸರೇ ನಾಲಿಗೆಗೆ ಬರಲಿಲ್ಲ. ಕುದುರೆಯ ಧೂಳು ಇಳಿಯುವವರೆಗೂ ನಿಂತೇ ಇದ್ದಳಂತೆ.

ಅವಳು ಕೊರಗುವುದನ್ನು ನೋಡಲಾರದೆ ಯಮನಪ್ಪ ಅಂದನಂತೆ, "ನೀನೂ ಒಮ್ಮೆ ಸರಿ ಅಂದುಬಿಡು ನಿಂಬಿ. ಎದಿ ಹಗುರ ಆಗತೈತಿ."

ಅವಳಿಗೂ ಸಾಕಾಗಿತ್ತು. ಚಾವಡಿ ಮುಂದೆ ನಿಂತು, "ಸರಿ" ಅಂದಳಂತೆ. ಅವತ್ತಿಗೆ ಆ ಊರಲ್ಲಿ ತಪ್ಪು ಅನ್ನುವ ಬಾಯಿ ಒಂದೂ ಉಳಿಯಲಿಲ್ಲ. ತಪ್ಪು ಮಾತ್ರ ಇದ್ದಲ್ಲೇ ಇತ್ತಂತೆ. ಎದೆ ಹಗುರಾಗಲಿಲ್ಲ.

ಮಾರನೇ ದಿನ ಮಟಮಟ ಮಧ್ಯಾಹ್ನ ರಾಣಿಯೇ ಗುಡಿಸಲಿಗೆ ಬಂದಳಂತೆ. ಜೊತೆಗೆ ಅವಳ ಕೈ ಹಿಡಿದ ಹುಡುಗ.

"ನಿಂಬೆವ್ವ, ನೀನೊಬ್ಬಳು ಸರಿ ಅಂದರ ನನಗ ನಿದ್ದಿ ಬರತೈತಿ ಅಂತ ಇಷ್ಟು ವರ್ಷ ಕಾದೆ. ನಿನ್ನೆ ನೀನೂ ಅಂದಿ. ನಿದ್ದಿ ಬರಲಿಲ್ಲ. ಯಾರೂ ತಪ್ಪು ಅನ್ನದಿದ್ದರೂ ಇದು ತಪ್ಪಾಗೇ ಹ್ಯಾಂಗ ಉಳೀತು?"

"ನಾವು ತಪ್ಪು ಅಂದದ್ದಕ್ಕ ಬಂದದ್ದಲ್ಲ ತಾಯಿ ಅದು. ಅನ್ನದಿದ್ದರ ಹೋಗೂದೂ ಇಲ್ಲ."

ರಾಣಿ ಹುಡುಗನನ್ನು ಮುಂದೆ ನೂಕಿದಳು. "ಹೋಗಪ್ಪಾ, ಹೆತ್ತಾಕಿ ಈಕಿ." ಹುಡುಗ ಹೆದರಿ ರಾಣಿಯ ಸೆರಗು ಹಿಡಿದು ಬಿಕ್ಕಿ ಬಿಕ್ಕಿ ಅತ್ತನಂತೆ. ನಿಂಬೆವ್ವನ ಎರಡೂ ಕೈ ಮುಂದೆ ಚಾಚಿದವು, ಅರ್ಧಕ್ಕೇ ನಿಂತವು.

"ಕಿತ್ತುಕೊಂಡರ ಹ್ಯಾಂಗಿರತೈತಿ ಅಂತ ನನಗ ಗೊತ್ತೈತಿ. ಅದನ್ನ ಇವನಿಗೆ ನಾ ಮಾಡೂದಿಲ್ಲ. ದಿನಾ ಕಳಿಸ್ರಿ. ತಾನಾಗೇ ಬಂದಷ್ಟು ಬರಲಿ."

ರಾಣಿ ಹೋಗಿ ರಾಜನಿಗೆ ಹೇಳಿದಳು. "ಊರೇ ಸರಿ ಅಂದಿತ್ತಲ್ಲ!" ಅಂದ ರಾಜ.

"ಅಂದಿತ್ತು. ಸರಿ ಆಗಿರಲಿಲ್ಲ. ನಿಮಗೂ ಗೊತ್ತಿತ್ತು."

ರಾಜ ಡಂಗುರ ಸಾರಿಸಿದನಂತೆ: ಆದದ್ದು ತಪ್ಪು, ಹುಡುಗ ನಿಂಬೆವ್ವನ ಮಗ. ಊರವರು ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಹುಡುಗ ದಿನಾ ಬಂದ. ಮೊದಮೊದಲು ಅಂಗಳದಲ್ಲೇ ನಿಂತು ಹೋಗುತ್ತಿದ್ದ. ಆಮೇಲೆ ಬಿದಿರ ಸೀಳು ಎತ್ತಿಕೊಟ್ಟ. ಆಮೇಲೊಂದು ದಿನ ಹೊಸ್ತಿಲು ದಾಟಿ ಒಳಗೆ ಬಂದು, "ಅವ್ವಾ, ಹಸಿವು" ಅಂದನಂತೆ. ನಿಂಬೆವ್ವ ರೊಟ್ಟಿ ಬಡಿದು ಹಾಕಿ, ಅವನು ಉಣ್ಣುವುದನ್ನೇ ನೋಡುತ್ತ ಕೂತಳಂತೆ. ಅವನು ಅಂಬೆಗಾಲಿಟ್ಟದ್ದು, ಮೊದಲ ಹಲ್ಲು ಮೂಡಿದ್ದು, ತೊದಲು ನುಡಿದದ್ದು ಅವಳು ಕಾಣಲಿಲ್ಲ. ಅವನ್ನು ಯಾವ ರಾಜನೂ ತಿರುಗಿ ಕೊಡಲಾರ. ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿದಳಂತೆ.

ಆ ಮಗ ಎರಡೂ ಮನೆಯಲ್ಲಿ ಉಂಡು ಬೆಳೆದ. ಅವರ ಕಥೆ ಅವರಲ್ಲಿಗೆ, ನಮ್ಮ ಮಾತು ಇಲ್ಲಿಗೆ.