ಸಿಂಹದ ಬಾಯಲ್ಲಿದ್ದ ಬಳೆ

"ಗುರುಗಳೇ, ನನ್ನ ತಮ್ಮನ ಕಣ್ಣು ಕಳೆದವನನ್ನು ಕ್ಷಮಿಸಿದೆ ಎಂದು ಬಾಯಲ್ಲಿ ಹೇಳಿಬಿಟ್ಟೆ. ಅವನನ್ನು ಕಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಾಳೆ ಪಂಚಾಯಿತಿಯಲ್ಲಿ ನಾನು ಅವನ ಪರ ಒಂದು ಮಾತು ಆಡದಿದ್ದರೆ ಅವನ ಹೆಂಡತಿ ಮಕ್ಕಳನ್ನೂ ಊರಿಂದ ಅಟ್ಟುತ್ತಾರೆ. ಒಳಗೆ ಸಿಟ್ಟಿಟ್ಟುಕೊಂಡು ಹೇಗೆ ಆಡಲಿ? ಅದು ಆರುವವರೆಗೆ ಕಾಯಲೇ?" ಎಂದು ಶಿಷ್ಯ ಚೌರಪ್ಪ ಕೇಳಿದ.

"ಕಾಯುವೆಯಂತೆ, ಮೊದಲು ಇದನ್ನು ಕೇಳು" ಎಂದು ಮುದಿ ಪಾದ್ರಿಗಳು ಶುರುಮಾಡಿದರು.

ಬಹಳ ಹಿಂದೆ ಪಡುವಣ ದೇಶದಲ್ಲಿ ಒಂದು ಕಲ್ಲಿನ ಚರ್ಚು. ಕಮಾನು ಗುಂಡಗೆ, ಕಿಟಕಿ ಗೇಣಗಲ, ಗೋಡೆಯೋ ಆಳುದ್ದ ದಪ್ಪ. ಹೊರಗೆ ಗಂಟಲು ಹರಿಯುವಂತೆ ಕೂಗಿದರೂ ಒಳಗಿನವರಿಗೆ ಕೇಳಿಸದು. ಬಾಗಿಲ ಮೇಲೆ ಕಬ್ಬಿಣದ ಸಿಂಹದ ಮುಖ, ಅದರ ಬಾಯಲ್ಲಿ ಬಾಗಿಲು ಎಳೆಯಲು ಒಂದು ದಪ್ಪ ಕಬ್ಬಿಣದ ಬಳೆ. ಎಂಥ ಪಾಪಿಯೇ ಆಗಲಿ, ಆ ಬಳೆ ಹಿಡಿದಿರುವಷ್ಟು ಹೊತ್ತು ಅವನನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಮಾಡಿ ಕೂರಿಸಿದವನು ಅದೇ ಊರಿನ ಕಮ್ಮಾರ.

ಒಂದು ದಿನ ಗಾಡಿಯವನೊಬ್ಬ ಜಗಳದಲ್ಲಿ ಆ ಕಮ್ಮಾರನ ತಮ್ಮನನ್ನೇ ಕೊಂದ. ಓಡಿಬಂದು ಬಳೆಗೆ ಜೋತುಬಿದ್ದ. ಊರಿಗೆ ಊರೇ ದೊಣ್ಣೆ ಹಿಡಿದು ಸುತ್ತುಗಟ್ಟಿತು. ಕಮ್ಮಾರ ಸುತ್ತಿಗೆ ಹಿಡಿದೇ ಬಂದ. ಅಯ್ಯೋ, ಒಡಹುಟ್ಟಿದವನ ಹೆಣ ಕಂಡವನಿಗೆ ಸಂಕಟ ತಡೆಯಲಾದೀತೇ! ಒಂದೇ ಏಟು ಸಾಕಿತ್ತು. ಆದರೆ ಕಟ್ಟಳೆ ಕಟ್ಟಳೆಯೇ. ಹಲ್ಲು ಕಚ್ಚಿ ನಿಂತ.

ಗಾಡಿಯವನ ಕಾಲು ಕುಸಿದವು. ಮೈಭಾರವೆಲ್ಲ ಬಳೆಯ ಮೇಲೆ ಬಿತ್ತು. ಸಿಂಹದ ಮುಖಕ್ಕೆ ಹೊಡೆದಿದ್ದ ಮೊಳೆಗಳು ಮೆಲ್ಲಗೆ ಸಡಿಲಿ ಹೊರಗೆ ಬರತೊಡಗಿದವು.

"ಸುಮ್ಮನಿರಣ್ಣ" ಎಂದು ಪಕ್ಕದವನು ಪಿಸುಗುಟ್ಟಿದ. "ತಾನಾಗಿಯೇ ಕಿತ್ತು ಬರುತ್ತದೆ. ಆಮೇಲೆ ಅವನು ನಿನ್ನ ಪಾಲು. ಪಾಪವೂ ನಿನಗಿಲ್ಲ."

ಕಮ್ಮಾರ ಮುಂದಕ್ಕೆ ನಡೆದ. ಸುತ್ತಿಗೆ ಎತ್ತಿದ. ಗಾಡಿಯವನು ಕಣ್ಣು ಮುಚ್ಚಿಕೊಂಡ.

ಏಟು ಬಿದ್ದದ್ದು ಮೊಳೆಯ ಮೇಲೆ. "ಥೂ ಪಾಪಿ" ಎನ್ನುತ್ತ ಒಂದು ಏಟು, "ನಿನ್ನ ಮನೆ ಹಾಳಾಗ" ಎನ್ನುತ್ತ ಇನ್ನೊಂದು. ಮೊಳೆಗಳು ಮತ್ತೆ ಮರಕ್ಕೆ ಕಚ್ಚಿಕೊಂಡವು. ಬಾಗಿಲು ಗುಡುಗಿದ ಸದ್ದಿಗೆ ಒಳಗಿದ್ದ ಪಾದ್ರಿ ಓಡಿಬಂದು, ಗಾಡಿಯವನನ್ನು ಒಳಗೆ ಎಳೆದುಕೊಂಡರು. ಕಮ್ಮಾರ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ತಮ್ಮನ ಹೆಸರು ಹಿಡಿದು ಅತ್ತ.

"ಆಮೇಲಾದರೂ ಅವನ ಸಿಟ್ಟು ಆರಿತೇ, ಗುರುಗಳೇ?" ಎಂದ ಚೌರಪ್ಪ.

"ಆರಿತೋ ಇಲ್ಲವೋ ನಾನರಿಯೆ, ಮೊಳೆಯಂತೂ ಅದಕ್ಕಾಗಿ ಕಾಯುತ್ತಿರಲಿಲ್ಲ ಕಣಪ್ಪ."