ಜೇಕಿಗೆ ಬಂದ ಕರೆ

ಲೋಕ ಆಗಿನ್ನೂ ಹೊಸದು. ಹೊಲದ ಕಳೆಗೆ ಕಸ ಎಂಬ ಹೆಸರೂ ಬಿದ್ದಿರಲಿಲ್ಲ. ಹೊಲದ ಬದುವಿನ ಮೇಲೆ ಜೇಕು ಎಂಬ ಹುಲ್ಲು ತನ್ನ ಪಾಡಿಗೆ ತಾನಿತ್ತು. ಅದನ್ನು ಯಾರೂ ಬೈಯುತ್ತಿರಲಿಲ್ಲ. ಯಾರೂ ಊಟಕ್ಕೆ ಕರೆಯುತ್ತಲೂ ಇರಲಿಲ್ಲ.

ಕರಿಮಣ್ಣಿನ ಆ ಎರೆಹೊಲ ಬಾಳವ್ವನದು. ಲೋಕದಲ್ಲಿದ್ದ ಗೋಧಿಯೆಲ್ಲ ಅವಳ ಉಡಿಯಲ್ಲಿತ್ತು. ಬೇರೆಲ್ಲೂ ಒಂದು ಕಾಳು ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಅವಳು ಅದನ್ನು ಬಿತ್ತಲು ಬಂದಳು.

“ಯವ್ವಾ, ಸಾಲಿನ ನಡುವ ಎಡೆ ಬಿಡು. ಬೇರು ಚಾಚಬೇಕು,” ಎಂದವು ಕಾಳುಗಳು.

“ಸಾಲಿಗೊಂದು ಎಡೆ ಬಿಟ್ಟೀನಿ, ಸುಮ್ನ ಮಲಕೋರಿ,” ಎಂದು ಬಾಳವ್ವ ಗಟ್ಟಿಯಾಗಿ ಹೇಳಿದಳು.

ಎರಡು ಸಾಲಿನ ನಡುವಿನ ಜಾಗಕ್ಕೆ ಎಡೆ ಎನ್ನುತ್ತಾರೆ. ದೇವರಿಗೆ, ಅತಿಥಿಗೆ ಬಡಿಸಿಟ್ಟ ಊಟಕ್ಕೂ ಎಡೆ ಎನ್ನುತ್ತಾರೆ. ಜೇಕಿಗೆ ಎರಡನೆಯದು ಕೇಳಿಸಿತು. ಸಾಲಿಗೊಂದು ಎಡೆ! ಅದರ ಕಣ್ಣು ತುಂಬಿತು. ಕರೆದವರ ಮನೆಗೆ ಒಂಟಿಯಾಗಿ ಹೋಗುವುದು ಚೆನ್ನಲ್ಲವೆಂದು ಬಳಗವನ್ನೆಲ್ಲ ಕರೆದುಕೊಂಡು ಗೋಧಿಸಾಲುಗಳ ನಡುವೆ ಬಂದು ಕೂತಿತು.

ಇಪ್ಪತ್ತು ದಿನ ಕಳೆಯಿತು. ನೆಲ ಬಿರುಕು ಬಿಡತೊಡಗಿತು. ಮೂಡಣ ಗಾಳಿ ಬಂದು ಹೇಳಿತು: “ಇನ್ನ ಮಳಿ ಇಲ್ಲವ್ವಾ. ನೆಲದ ಹೊಟ್ಟ್ಯಾಗ ಇದ್ದಷ್ಟ ನೀರು.”

“ನಾವು ಒಂದು ಗುಟುಕು ಕುಡಿಯೂದ್ರಾಗ ಈ ಜೇಕಿನವರು ಹತ್ತು ಕುಡೀತಾರ ಯವ್ವಾ. ಹಿಂಗಾದ್ರ ಕಾಳು ಕಟ್ಟೂದಿಲ್ಲ,” ಎಂದಿತು ಗೋಧಿ.

ಬಾಳವ್ವ ಜೇಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. “ಯಾರು ಕರದಾರೋ ನಿನ್ನ?”

“ನೀನ ಕರದಿಯಲ್ಲ ಯಕ್ಕಾ. ಎಡೆ ಬಿಟ್ಟೀನಿ ಅಂದಿ.”

“ಎಲಾ ಹುಚ್ಚಾ, ಅದು ಜಾಗದ ಎಡೆ! ಉಣ್ಣೂದಲ್ಲ.”

“ಅವತ್ತ ಬಿಡಿಸಿ ಹೇಳಬೇಕಿತ್ತು. ಅರ್ಧ ಊಟದಾಗ ಏಳಂದ್ರ ಹೆಂಗ? ನಮ್ಮ ಬೀಗರೂ ಬಂದಾರ.”

ಆ ಕಾಲದಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಆ ಸೌಕರ್ಯ ಆಮೇಲೆ ಬಂದದ್ದು. ಬಾಳವ್ವ ನೆಲಕ್ಕೆ ಕಿವಿ ಹಚ್ಚಿ ಎರೆಮಣ್ಣನ್ನು ಕೇಳಿದಳು: “ಯವ್ವಾ, ಈ ಗೋಧಿ ಹೋದ್ರ ಲೋಕದಾಗ ಗೋಧಿನ ಇಲ್ಲ. ನಾ ಏನ ಮಾಡ್ಲಿ?”

ಎರೆಮಣ್ಣು ಒಳಗಿನಿಂದ ಹೇಳಿತು:

“ಕರದದ್ದು ಕರದದ್ದ. ನನ್ನೊಳಗ ಇಳಿದವರನ್ನ ನಾ ಹೊರಗ ಹಾಕೂದಿಲ್ಲ. ಆದರ ನನ್ನ ಮ್ಯಾಲೆ ತಲಿ ಎತ್ತಿದ್ದನ್ನ ನೀ ಕೊಯ್ಯಬಹುದು. ಗೋಧಿಗೆ ನಲವತ್ತು ದಿನ ಆಗೂತನಕ ಬಿಡದಂಗ ಕೊಯ್ಯಿ. ಮುಂದ ಗೋಧಿ ಎತ್ತರಾಗಿ ಅದರ ನೆರಳ ಜೇಕನ್ನ ತಡೀತೈತಿ. ಕೆದರಿದ ಮಣ್ಣು ನನ್ನ ಬಿರುಕ ಮುಚ್ಚತೈತಿ. ನೀರೂ ಉಳಿತೈತಿ.”

ಬಾಳವ್ವ ಕಟ್ಟಿಗೆಯ ತುದಿಗೆ ಚಪ್ಪಟೆ ಕಲ್ಲು ಕಟ್ಟಿ ಎಡೆಯಲ್ಲಿ ಎಳೆದಳು. ಅದೇ ಮೊದಲ ಎಡೆಕುಂಟೆ. ಜೇಕು ಬೈಯಲಿಲ್ಲ. ತನ್ನ ಮಾನಮರ್ಯಾದೆಯನ್ನೆಲ್ಲ ಗಂಟು ಕಟ್ಟಿ, ಪುಟ್ಟ ಕರಿ ಗಡ್ಡೆ ಮಾಡಿಕೊಂಡು, ನೆಲದೊಳಗೆ ಕುಳಿತಿತು. ಕೆಲವೇ ದಿನಕ್ಕೆ ಮತ್ತೆ ತಲೆ ಎತ್ತಿತು. ಅವಳು ಮತ್ತೆ ಎಳೆದಳು, ಈ ಸಲ ಅದರ ಮುಖ ನೋಡದೆ.

ಆ ವರ್ಷ ತೆನೆ ಗಿಡ್ಡ, ಕಾಳು ಗಟ್ಟಿ. ಬೀಜಕ್ಕಾಯಿತು. ಲೋಕದಲ್ಲಿ ಗೋಧಿ ಉಳಿಯಿತು.

ಅದಕ್ಕೇ ಮಗೂ, ಇವತ್ತಿಗೂ ಗೋಧಿಹೊಲದಲ್ಲಿ ಜೇಕನ್ನು ಜಗ್ಗಿದರೆ ನಿನ್ನ ಕೈಗೆ ಹುಲ್ಲಷ್ಟೇ ಬರುತ್ತದೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಎಡೆಕುಂಟೆ ಹೋದ ಕೆಲವೇ ದಿನಕ್ಕೆ ಅಲ್ಲಿ ಎರಡು ಹಸಿರು ಎಲೆ ಮೂಡಿ, ಬಡಿಸುವವರು ಈಗ ಬಂದಾರು ಎಂಬಂತೆ ನೆಟ್ಟಗೆ ಕುಳಿತಿರುತ್ತವೆ.